ಗಾಲ್ಜಿಯ ಅಡುಗೆಮನೆ ಮತ್ತು ನಮ್ಮ ಲ್ಯಾಬು

‘ಸಣ್ಣ ಊರಿನ ವಿಶ್ವವಿದ್ಯಾಲಯದಲ್ಲಿ ಎಂಥ ನರವಿಜ್ಞಾನ?’ ಎಂದು ಮೂಗು ಮುರಿಯುವವರಿಗೆ ಉತ್ತರ ಸುಲಭ. ನರಕೋಶವನ್ನು ರೆಂಬೆಕೊಂಬೆ ಸಮೇತ ಕಪ್ಪಾಗಿ ಎದ್ದು ಕಾಣಿಸುವ ವಿಧಾನವನ್ನು ಕಮಿಲ್ಲೊ ಗಾಲ್ಜಿ 1873ರಲ್ಲಿ ಕಂಡುಕೊಂಡದ್ದು ಮಿಲಾನ್ ಹತ್ತಿರದ ಅಬ್ಬಿಯಾತೆಗ್ರಾಸ್ಸೊ ಎಂಬ ಸಣ್ಣ ಊರಲ್ಲಿ. ಆಸ್ಪತ್ರೆಯ ಅಡುಗೆಮನೆಯೇ ಅವನ ಪ್ರಯೋಗಾಲಯ. 1906ರಲ್ಲಿ ನೊಬೆಲ್ ಬಂತು.

ಆದರೆ ಇದೇ ಕತೆ ಹೇಳಿ ನಮಗೆ ತಾಳ್ಮೆ ಬೋಧಿಸುವವರು ಇನ್ನೂ ಅಪಾಯಕಾರಿ. ಗಾಲ್ಜಿ ಅಲ್ಲಿ ಸಂಬಳದ ಮುಖ್ಯ ವೈದ್ಯನಾಗಿದ್ದ. ನಮಗೋ ತಿಂಗಳುಗಟ್ಟಲೆ ಫೆಲೋಶಿಪ್ ಬರುವುದಿಲ್ಲ. ಕಾದು ಕಾದು ತರಿಸಿದ ಆ್ಯಂಟಿಬಾಡಿ ಕರೆಂಟು ಹೋದ ರಾತ್ರಿ ಫ್ರೀಜರಿನಲ್ಲೇ ಕೆಡುತ್ತದೆ. ಇದಕ್ಕೂ ಊರಿನ ಗಾತ್ರಕ್ಕೂ ಏನು ಸಂಬಂಧ? ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಲಕ್ಷ ಜನವೂ ಇಲ್ಲ. ನರವಿಜ್ಞಾನಕ್ಕೆ ಅದು ಹೆಸರುವಾಸಿ.

ಫೆಲೋಶಿಪ್ ಸಮಯಕ್ಕೆ ಕೊಡಿ, ಜನರೇಟರಿಗೆ ಡೀಸೆಲ್ ಹಾಕಿಸಿ. ಗಾಲ್ಜಿಯ ಕತೆ ಆಮೇಲೆ ಹೇಳುವಿರಂತೆ.