ಐದು ಊರುಗಳಿಗೆ ಒಂದು ನಿಸ್ತಂತು

ಆಪತ್ತು ಬಂದೊದಗಿದಾಗ ಎಲ್ಲಕ್ಕೂ ಮೊದಲು ಕಡಿದುಹೋಗುವದು ವಾರ್ತೆ. ಅನ್ನವು ಒಂದು ದಿನ ತಡವಾದರೆ ಜನರು ತಾಳಿಕೊಂಡಾರು. ಆದರೆ ಮೇಲಣ ಊರಿನಲ್ಲಿ ನೀರು ಏರಿತೆಂಬ ಸುದ್ದಿಯು ಕೆಳಗಣ ಊರಿಗೆ ಎರಡು ತಾಸು ತಡವಾಗಿ ಮುಟ್ಟಿದರೆ ಆ ಸುದ್ದಿಯಿಂದಾಗುವ ಪ್ರಯೋಜನವೇನು? 2020ನೆಯ ಇಸವಿಯ ಅಕ್ಟೋಬರದಲ್ಲಿ ಕಾಗಿಣಾ ನದಿಯು ಉಕ್ಕಿ, ಮಳಖೇಡದ ಸೇತುವೆಯು ಮುಳುಗಿ, ಸೇಡಮ್ ಕಲಬುರಗಿಗಳ ನಡುವಣ ಹೆದ್ದಾರಿಯು ನಿಂತುಹೋದುದನ್ನು ಈ ಭಾಗದ ಜನರು ಮರೆತಿರಲಾರರು. ಮರುವರ್ಷ ಅದೇ ತಿಂಗಳಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದ ಸುತ್ತಲೂ ನೆಲವು ಮೇಲಿಂದ ಮೇಲೆ ನಡುಗಿತು. ಒಂದು ಕಂಪನದ ಪ್ರಮಾಣವು 4.1ಕ್ಕೆ ಏರಿತ್ತು. ಜನರು ಮನೆಗಳನ್ನು ತೊರೆದು ಬಯಲಿನಲ್ಲಿ ರಾತ್ರಿಗಳನ್ನು ಕಳೆದರು. 1993ರ ಸಪ್ಟೆಂಬರ 30ರ ಕಿಲ್ಲಾರಿಯ ಭೂಕಂಪವನ್ನು ನೆನೆದು ಅವರು ಅಂಜಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಂಥ ಪ್ರದೇಶಕ್ಕೆ ಆಪತ್ಕಾಲದಲ್ಲಿ ನೆಚ್ಚತಕ್ಕ ವಾರ್ತಾಸಾಧನವು ಯಾವದು? ಪ್ರತಿಯೊಬ್ಬನ ಕಿಸೆಯಲ್ಲಿಯೂ ಮೊಬೈಲ್ ಇರುವಾಗ ಈ ಪ್ರಶ್ನೆಯೇ ಅನಾವಶ್ಯಕವೆಂದು ಹಲವರು ಅನ್ನಬಹುದು. 112 ಎಂಬ ತುರ್ತು ಸಂಖ್ಯೆಯೂ ಇದೆ, ಸರಿ. ಆದರೆ ಆ ಸಂಖ್ಯೆಗೆ ಕರೆ ಹೋಗಬೇಕಾದರೆ ಮೊದಲು ಟೆಲಿಫೋನು ನಡೆಯಬೇಕಷ್ಟೆ! ವಿದ್ಯುತ್ತು ನಿಂತು, ಟವರಿನ ಬ್ಯಾಟರಿಯು ಮುಗಿದು, ಡಿಜೆಲ್ ಒಯ್ಯುವ ದಾರಿಯೇ ಮುಳುಗಿದ ಮೇಲೆ ಮೊಬೈಲ್ ಕೇವಲ ಒಂದು ದೀಪವಾಗಿ ಉಳಿಯುವದು. ಟವರು ನಿಂತಿದ್ದರೂ, ಸಾವಿರಾರು ಜನರು ಏಕಕಾಲಕ್ಕೆ ಕರೆ ಮಾಡಹತ್ತಿದಾಗ ಯಾರ ಮಾತೂ ಯಾರಿಗೂ ಮುಟ್ಟುವದಿಲ್ಲ. ಟವರಿನ ಹಂಗಿಲ್ಲದೆ ಒಂದು ಯಂತ್ರದಿಂದ ಇನ್ನೊಂದಕ್ಕೆ ನೇರವಾಗಿ ಮಾತು ಒಯ್ಯುವ, ಒಬ್ಬನು ಆಡಿದ್ದನ್ನು ಹತ್ತು ಜನರು ಕೂಡಿಯೇ ಕೇಳಬಲ್ಲ ನಿಸ್ತಂತು ರೇಡಿಯೋ ಇನ್ನೂ ಬಾಳುತ್ತಿರುವದು ಈ ಕಾರಣದಿಂದಲೇ.

ಈ ಸಾಧನವು ನಮ್ಮ ಭಾಗಕ್ಕೆ ಹೊಸದಲ್ಲ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೇಲ್ವೆಯು ತೆರೆಯಿತು. ಅದೇ ಹಳಿಯ ಮೇಲೆ, ಲಿಂಗಂಪಲ್ಲಿ, ವಿಕಾರಾಬಾದ, ವಾಡಿ ಭಾಗದಲ್ಲಿ, ಗಾಡಿಗಳ ಡಿಕ್ಕಿಯನ್ನು ತಪ್ಪಿಸುವ 'ಕವಚ'ದ ಮೊದಲ ಪ್ರಯೋಗಗಳು ನಡೆದವು. 2016ರ ಫೆಬ್ರುವರಿಯಲ್ಲಿ ಪ್ರಯಾಣಿಕರ ಗಾಡಿಗಳ ಮೇಲೆ ಅದರ ಪರೀಕ್ಷೆಯು ಆರಂಭವಾಯಿತು. ಚಿತ್ತಾಪುರ, ಸೇಡಮ್ ನಿಲ್ದಾಣಗಳು ಈ ದಾರಿಯಲ್ಲಿಯೇ ಇವೆ. ಕವಚದ ಜೀವಾಳವೇನು? ಇಂಜಿನಿಗೂ ನಿಲ್ದಾಣಕ್ಕೂ ನಡುವೆ ಎಡೆಬಿಡದೆ ನಡೆಯುವ ರೇಡಿಯೋ ಸಂಭಾಷಣೆ. ಗಾಡಿಯ ಚಾಲಕನ ಮತ್ತು ಗಾರ್ಡನ ಕೈಯಲ್ಲಿ 5 ವ್ಯಾಟಿನ ವಾಕಿಟಾಕಿಗಳಿವೆ. ವಾಡಿಯಿಂದ ಮೊದಲುಗೊಂಡು ಮಳಖೇಡ, ಸೇಡಮ್, ಚಿಂಚೋಳಿಗಳ ಕಡೆಗೆ ಹಬ್ಬಿರುವ ಸಿಮೆಂಟು ಕಾರಖಾನೆಗಳ ವರ್ಗಕ್ಕೂ ಅವುಗಳ ಸುಣ್ಣಗಲ್ಲಿನ ಗಣಿಗಳಿಗೂ ವಾಕಿಟಾಕಿಯು ನಿತ್ಯದ ಉಪಕರಣ. ಪೋಲೀಸರಿಗಂತೂ ಅವರದೇ ನಿಸ್ತಂತು ಉಂಟು.

ಹಾಗಾದರೆ ಕೊರತೆ ಎಲ್ಲಿದೆ? ಪ್ರತಿಯೊಬ್ಬನ ರೇಡಿಯೋ ಅವನವನ ಕಂಪೌಂಡಿನ ಗೋಡೆಯೊಳಗೇ ಮಾತಾಡುವದರಲ್ಲಿದೆ. ಲೈಸನ್ಸಿನ ಪದ್ಧತಿಯೇ ಹಾಗೆ: ರೇಲ್ವೆಗೆ ಒಂದು ಆವರ್ತನ, ಪೋಲೀಸರಿಗೆ ಇನ್ನೊಂದು, ಕಾರಖಾನೆಗೆ ಮತ್ತೊಂದು. ನಿತ್ಯದ ಕೆಲಸಕ್ಕೆ ಇದು ಯುಕ್ತವೇ ಸರಿ. ಆದರೆ ಹೊಳೆಯು ಕಂಪೌಂಡಿನ ಗೋಡೆಯನ್ನು ನೋಡಿ ಹರಿಯುವದಿಲ್ಲ. ತಾಂಡೂರಿನ ಕಡೆಯಿಂದ ಬರುವ ನೀರು, ಮುಲ್ಲಾಮಾರಿಯಿಂದ ಬಂದು ಕೂಡುವ ನೀರು, ಸೇಡಮ್ ಚಿತ್ತಾಪುರ ತಾಲೂಕುಗಳನ್ನು ಹಾಯ್ದು ಶಹಾಬಾದದ ಕಡೆಗೆ ಸಾಗಿ ಭೀಮೆಯನ್ನು ಸೇರುವದು. ನೀರಿಗೆ ಒಂದೇ ದಾರಿಯಿರುವಾಗ ವಾರ್ತೆಗೆ ಐದು ದಾರಿಗಳಿದ್ದು ಅವು ಎಲ್ಲಿಯೂ ಕೂಡದಿದ್ದರೆ ಗತಿಯೇನು?

ಈ ತಪ್ಪಿಗೆ ಬಡತನವೇ ಕಾರಣವೆಂದು ತಿಳಿಯಕೂಡದು. ಜಗತ್ತಿನ ಶ್ರೀಮಂತ ನಗರಗಳಲ್ಲೊಂದಾದ ನ್ಯೂಯಾರ್ಕಿನಲ್ಲಿ 2001ರ ಸಪ್ಟೆಂಬರ 11ರಂದು ಏನಾಯಿತು? ಅಗ್ನಿಶಾಮಕರ ರೇಡಿಯೋಗಳು ಆ ಎತ್ತರದ ಗೋಪುರಗಳಲ್ಲಿಯೂ ನಡೆಯಲೆಂದು ಅಲ್ಲಿ ರಿಪೀಟರ್ ಯಂತ್ರವನ್ನು ಮುಂಚೆಯೇ ಇರಿಸಿದ್ದರು. ಆ ದಿನ ಅದರ ಎರಡು ಗುಂಡಿಗಳಲ್ಲಿ ಎರಡನೆಯದನ್ನು ಯಾರೂ ಒತ್ತದಿದ್ದುದರಿಂದ, ಯಂತ್ರವೇ ಕೆಟ್ಟಿದೆಯೆಂದು ಉತ್ತರ ಗೋಪುರದ ಅಧಿಕಾರಿಗಳು ಬಗೆದರು. ಪೋಲೀಸರ ಹೆಲಿಕಾಪ್ಟರಿನಿಂದ ಬಂದ ಎಚ್ಚರಿಕೆಯು ಅಗ್ನಿಶಾಮಕರ ಕಿವಿಗೆ ಬೀಳಲಿಲ್ಲ. ಇಬ್ಬರ ರೇಡಿಯೋಗಳೂ ಬೇರೆ ಬೇರೆ. 2004ರಲ್ಲಿ ತನಿಖಾ ಆಯೋಗವು ಇದನ್ನೆಲ್ಲ ಬರೆದಿಟ್ಟಿದೆ. ಯಂತ್ರವಿತ್ತು, ಹಣವಿತ್ತು, ಶೂರರೂ ಇದ್ದರು. ಪರಸ್ಪರ ಮಾತಾಡುವ ಏರ್ಪಾಡೂ ಅಭ್ಯಾಸವೂ ಇರಲಿಲ್ಲ.

ಆದುದರಿಂದ ಯಾವ ಕಂಪನಿಯ ಯಂತ್ರವನ್ನು ಕೊಳ್ಳಬೇಕೆಂಬ ಪ್ರಶ್ನೆಗಿಂತ ಮೊದಲು, ಯಾರು ಯಾರೊಡನೆ ಮಾತಾಡಬೇಕೆಂಬುದು ಇತ್ಯರ್ಥವಾಗತಕ್ಕದ್ದು ಎಂಬುದೇ ನಮ್ಮ ಸ್ಪಷ್ಟವಾದ ಅಭಿಪ್ರಾಯ. ಸೇಡಮ್, ಚಿತ್ತಾಪುರ, ಶಹಾಬಾದ, ಚಿಂಚೋಳಿಗಳ ತಹಶೀಲದಾರರು, ವಾಡಿಯ ರೇಲ್ವೆ ಅಧಿಕಾರಿಗಳು, ಪೋಲೀಸರು, ಅಗ್ನಿಶಾಮಕರು, ದೊಡ್ಡ ಆಸ್ಪತ್ರೆಗಳು, ಕಾರಖಾನೆಗಳ ಸುರಕ್ಷಾಧಿಕಾರಿಗಳು, ಅಣೆಕಟ್ಟುಗಳ ಇಂಜಿನಿಯರರು ಇವರೆಲ್ಲರಿಗೂ ಆಪತ್ತಿನಲ್ಲಿ ತೆರೆಯುವ ಒಂದು ಸಮಾನ ಚಾನೆಲ್ ಇರಬೇಕು. ಕಾಗದದ ಮೇಲೆ ಈ ಒಪ್ಪಂದವಾದ ಬಳಿಕ ಯಂತ್ರದ ಆಯ್ಕೆಯು ಅರ್ಧ ಮುಗಿದಂತೆಯೇ.

ಉಳಿದ ಅರ್ಧಕ್ಕೆ ಕೆಲವು ಸಂಗತಿಗಳನ್ನು ಅಧಿಕಾರಿಗಳು ಗಮನಿಸಬೇಕು. ಮಾರಾಟದ ಪತ್ರಿಕೆಗಳಲ್ಲಿ ಹತ್ತಾರು ಮೈಲಿಗಳ ಮಾತು ಕಾಣುವದುಂಟು. ಅದನ್ನು ನಂಬಿ ಕೆಟ್ಟವರು ಅನೇಕರು. ಕೈಯಲ್ಲಿ ಹಿಡಿದ ಎರಡು ಯಂತ್ರಗಳ ನಡುವೆ, ಬಟ್ಟಬಯಲಿನಲ್ಲಿಯೂ, ಭೂಮಿಯ ಬಾಗೇ ಸುಮಾರು 10 ಕಿಲೋಮೀಟರಿಗೆ ಮಿತಿಯನ್ನು ಹಾಕುವದು. ಮನೆ, ಮರ, ದಿಣ್ಣೆಗಳ ನಡುವೆ ಅದು ಎರಡು ಮೂರಕ್ಕೆ ಇಳಿಯುವದು. ಒಂದು ಏರಿಯಲ್ಲನ್ನು 30 ಮೀಟರ್ ಎತ್ತರದ ಕಂಬಕ್ಕೆ ಏರಿಸಿದರೆ ಆ ಮಿತಿಯು 25 ಕಿಲೋಮೀಟರನ್ನು ದಾಟುವದು. ಹೀಗೆ ಎತ್ತರದಲ್ಲಿ ಕುಳಿತು, ಒಂದು ಆವರ್ತನದಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಮರುನುಡಿಯುವ ಯಂತ್ರವೇ ರಿಪೀಟರ್. ವಾಡಿ, ಶಹಾಬಾದ, ಚಿತ್ತಾಪುರಗಳು ಒಂದಕ್ಕೊಂದು ಸಮೀಪವಾದುದರಿಂದ ಅಲ್ಲಿ ಕೆಲಸವು ಸುಲಭ. ಗುಡ್ಡ ಕಾಡುಗಳ ಚಿಂಚೋಳಿಗೆ ಪ್ರತ್ಯೇಕ ರಿಪೀಟರ್ ಬೇಕಾದೀತು. ಕೈಯಂತ್ರಗಳ ಸಂಖ್ಯೆಯನ್ನು ಹೆಚ್ಚಿಸುವದಕ್ಕಿಂತ, ಎತ್ತರದ ಕಂಬಕ್ಕೂ ಅದರ ಬುಡದ ಬ್ಯಾಟರಿಗೂ ಸೌರಫಲಕಕ್ಕೂ ವೆಚ್ಚ ಮಾಡುವದೇ ಲೇಸು.

ತೆರೆದ ಹೊಲಗಾಡಿನಲ್ಲಿ ವಿ.ಎಚ್.ಎಫ್. ಅಲೆಗಳು ದೂರ ಸಾಗುವವು. ಕಬ್ಬಿಣ ಕಾಂಕ್ರೀಟುಗಳಿಂದ ತುಂಬಿದ ಕಾರಖಾನೆಯೊಳಗೆ ಯು.ಎಚ್.ಎಫ್. ಅಲೆಗಳು ಸಂದುಗೊಂದಿಗಳಲ್ಲಿ ನುಸುಳುವವು. ಆದಕಾರಣ ಕಾರಖಾನೆಯ ಒಳಗಣ ವ್ಯವಸ್ಥೆಯೇ ಊರಿಗೂ ಆದೀತೆಂದು ತಿಳಿಯಬಾರದು. ಹಳೆಯ ಅನಲಾಗ್ ಪದ್ಧತಿಯಲ್ಲಿ ದೂರವಾದಂತೆ ಸದ್ದು ಬೆರೆತು ಮಾತು ಕ್ಷೀಣವಾಗುವದು. ಡಿಜಿಟಲ್ ಪದ್ಧತಿಯಲ್ಲಿ ಕೊನೆಯವರೆಗೆ ಸ್ವಚ್ಛವಾಗಿದ್ದು ಒಮ್ಮೆಲೇ ಮಾಯವಾಗುವದು. 2005ರಲ್ಲಿ ಯುರೋಪಿನಲ್ಲಿ ಗೊತ್ತುಪಡಿಸಿದ ಡಿ.ಎಂ.ಆರ್. ಎಂಬ ಡಿಜಿಟಲ್ ಪ್ರಮಾಣವು 12.5 ಕಿಲೋಹರ್ಟ್ಝ್ ಅಗಲದ ಒಂದೇ ಚಾನೆಲಿನಲ್ಲಿ ಎರಡು ಸಂಭಾಷಣೆಗಳಿಗೆ ಎಡೆ ಮಾಡಿಕೊಡುವದು. ಅನೇಕ ಕಂಪನಿಗಳು ಅದರ ಯಂತ್ರಗಳನ್ನು ಮಾಡುತ್ತಿವೆ. ಯಾವದೇ ಒಂದು ಕಂಪನಿಯ ಗುಟ್ಟಿನ ಪದ್ಧತಿಗೆ ಕೊರಳೊಡ್ಡದೆ, ಅನಲಾಗಿನಲ್ಲಿಯೂ ನಡೆಯಬಲ್ಲ ಇಂಥ ತೆರೆದ ಪ್ರಮಾಣದ ಯಂತ್ರಗಳನ್ನು ಆರಿಸುವದು ಕ್ಷೇಮಕರ.

ಇನ್ನೊಂದು ಮೋಸದ ದಾರಿಯನ್ನು ಹೇಳಲೇಬೇಕು. ರೂಪದಲ್ಲಿ ವಾಕಿಟಾಕಿಯಾಗಿದ್ದು, ಒಳಗೆ ಸಿಮ್ ಕಾರ್ಡಿನಿಂದ ನಡೆಯುವ ಯಂತ್ರಗಳು ಪೇಟೆಯಲ್ಲಿವೆ. ದೇಶದ ಯಾವ ಮೂಲೆಗಾದರೂ ಮಾತಾಡಬಹುದೆಂಬ ಹೊಗಳಿಕೆ ಅವಕ್ಕೆ. ನಿತ್ಯದ ವ್ಯವಹಾರಕ್ಕೆ ಅವು ಒಳ್ಳೆಯವೇ. ಆದರೆ ಅವುಗಳ ಪ್ರಾಣವೂ ಅದೇ ಮೊಬೈಲ್ ಟವರಿನಲ್ಲಿರುವದರಿಂದ, ಟವರು ಬಿದ್ದ ದಿನ ಅವೂ ಬೀಳುವವು. ಅವನ್ನೇ ಆಪತ್ಕಾಲದ ಆಧಾರವೆಂದು ಕೊಳ್ಳುವದು ತೂತಿನ ದೋಣಿಯಿಂದ ಹೊಳೆಗೆ ಇಳಿದಂತೆ.

ಸಿಮೆಂಟಿನ ಧೂಳಿಗೂ ಮಳೆಗೂ ಒಡ್ಡಿಕೊಳ್ಳುವ ಯಂತ್ರಕ್ಕೆ ಐ.ಪಿ. 67ರ ರಕ್ಷಣೆಯಾದರೂ ಇರಬೇಕು. ಧೂಳು ಒಳಹೋಗದು, ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು ಬಿದ್ದರೂ ಕೆಡದು ಎಂದು ಅದರರ್ಥ. ಬ್ಯಾಟರಿಯ ಆಯುಸ್ಸನ್ನು ಕಂಪನಿಗಳು ನೂರರಲ್ಲಿ 5 ಪಾಲು ಮಾತು, 5 ಪಾಲು ಕೇಳುವಿಕೆ, 90 ಪಾಲು ಮೌನ ಎಂಬ ಲೆಕ್ಕದಿಂದ ಹೇಳುವ ವಾಡಿಕೆಯಿದೆ. ನೆರೆಯ ರಾತ್ರಿ ಅಷ್ಟು ಮೌನವೆಲ್ಲಿಯದು? ಪ್ರತಿ ಯಂತ್ರಕ್ಕೆ ಎರಡನೆಯ ಬ್ಯಾಟರಿಯಿಲ್ಲದೆ ಕೊಳ್ಳುವದು ವ್ಯರ್ಥ. ಗಣಿಗಳಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ವಿದ್ಯುತ್ ಡಿಟೋನೇಟರುಗಳಿರುವಲ್ಲಿ ಅವುಗಳ ತಂತಿಗಳೇ ಏರಿಯಲ್ಲಿನಂತಾಗಿ, ಸಮೀಪದ ರೇಡಿಯೋದ ಶಕ್ತಿಯಿಂದ ಅಕಾಲ ಸ್ಫೋಟವಾಗುವ ಭಯವುಂಟು. ಕಾರ್ಮಿಕರ ಪ್ರಾಣವನ್ನು ಕಾಯಲು ಕೊಂಡ ಯಂತ್ರವೇ ಪ್ರಾಣಕ್ಕೆ ಎರವಾಗಬಾರದು. ಮದ್ದು ತುಂಬುವ ಸ್ಥಳದಿಂದ ಎಷ್ಟು ದೂರದಲ್ಲಿ ಮಾತಾಡಬಹುದೆಂಬ ನಿಯಮವು ಪ್ರತಿ ಗಣಿಯ ಬಾಗಿಲಿನಲ್ಲಿ ಕನ್ನಡದಲ್ಲಿ ಬರೆದಿರಬೇಕು.

ಕಾಯಿದೆಯನ್ನು ಮೀರಿ ಈ ಕೆಲಸವಾಗಲಾರದು. 2018ರ ನಿಯಮಗಳಂತೆ 446.0ರಿಂದ 446.2 ಮೆಗಾಹರ್ಟ್ಝ್ ಆವರ್ತನದ ಅಲ್ಪಶಕ್ತಿಯ ಕೈಯಂತ್ರಗಳಿಗೆ ಲೈಸನ್ಸಿನ ವಿನಾಯಿತಿಯಿದೆ. ಅಂಗಡಿ, ಜಾತ್ರೆ, ಮದುವೆಯ ಮಂಟಪಕ್ಕೆ ಅವು ಸಾಕು. ಅದಕ್ಕೂ ಮಿಗಿಲಾದವಕ್ಕೆ ದೂರಸಂಪರ್ಕ ಇಲಾಖೆಯ ನಿಸ್ತಂತು ವಿಭಾಗದ ಅನುಮತಿಯು ಬೇಕು. ಲೈಸನ್ಸಿನ ಮಾತನ್ನೇ ಎತ್ತದೆ ಇಂಟರ್ನೆಟ್ಟಿನ ಅಂಗಡಿಗಳಲ್ಲಿ ವಾಕಿಟಾಕಿಗಳನ್ನು ಮಾರುವ ಹಾವಳಿಯು ಬೆಳೆದುದರಿಂದಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಅದಕ್ಕೆ ಕಟ್ಟಳೆಗಳನ್ನು ವಿಧಿಸಬೇಕಾಯಿತು. ಕದ್ದ ಆವರ್ತನದಲ್ಲಿ ಮಾತಾಡುವವನು ತನಗರಿಯದೆ ಪೋಲೀಸರ ಇಲ್ಲವೆ ರೇಲ್ವೆಯ ಮಾತನ್ನು ಕೆಡಿಸಿಯಾನು.

ಈ ಕೆಲಸಕ್ಕೆ ಹೊಣೆಗಾರರು ಯಾರು? 2005ರ ವಿಪತ್ತು ನಿರ್ವಹಣಾ ಅಧಿನಿಯಮದಂತೆ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರವಿದೆ. ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು. ಎಲ್ಲ ಇಲಾಖೆಗಳನ್ನೂ ಕಾರಖಾನೆಗಳನ್ನೂ ಒಂದೇ ಮೇಜಿಗೆ ಕರೆಯಲು ಅವರಿಗಿಂತ ಯೋಗ್ಯರಿಲ್ಲ. ಹಣವಿಲ್ಲವೆಂಬ ಮಾತನ್ನು ನಾವು ಒಪ್ಪಲಾರೆವು. 2015ರ ತಿದ್ದುಪಡಿಯ ತರುವಾಯ, ಹಳೆಯ ಗಣಿ ಗುತ್ತಿಗೆದಾರರು ರಾಜಧನದ ಶೇಕಡಾ 30ರಷ್ಟನ್ನೂ, ಹರಾಜಿನಿಂದ ಗುತ್ತಿಗೆ ಪಡೆದವರು ಶೇಕಡಾ 10ರಷ್ಟನ್ನೂ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕಾಗಿದೆ. ಗಣಿಯಿಂದ ಬಾಧಿತರಾದ ಜನರ ಹಿತಕ್ಕಾಗಿಯೇ ಆ ನಿಧಿ. ಸುಣ್ಣಗಲ್ಲನ್ನು ಕೊಟ್ಟ ನೆಲದ ಜನರಿಗೆ ಆಪತ್ತಿನ ಮುನ್ಸೂಚನೆಯನ್ನು ಮುಟ್ಟಿಸುವದಕ್ಕಿಂತ ಉಚಿತವಾದ ವಿನಿಯೋಗವು ಬೇರೆ ಯಾವದು?

ಕೊನೆಗೆ ಯಂತ್ರವನ್ನು ನಡೆಯಿಸುವವನು ಮನುಷ್ಯನೇ. 2004ರ ಡಿಸೆಂಬರ 26ರಂದು ಸುನಾಮಿಯು ಅಂದಮಾನನ್ನು ಬಡಿದಾಗ, ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ ಅವರು ಹವ್ಯಾಸಿ ಪ್ರಸಾರಕ್ಕೆಂದು ಪೋರ್ಟ್ ಬ್ಲೇರಿನಲ್ಲಿದ್ದರು. ಕ್ರೀಡೆಗೆಂದು ಹೂಡಿದ ಆ ರೇಡಿಯೋವೇ ದ್ವೀಪಗಳ ವಾರ್ತೆಯನ್ನು ಹೊರಜಗತ್ತಿಗೆ ಮುಟ್ಟಿಸಿತು. ಕಿಲ್ಲಾರಿಯಲ್ಲಿಯೂ ಹವ್ಯಾಸಿಗಳು ಇದೇ ಸೇವೆಯನ್ನು ಸಲ್ಲಿಸಿದ್ದರು. ಹೈದರಾಬಾದು ಸೇಡಮ್ಮಿಗೆ ದೂರವಲ್ಲ. ಸೇಡಮ್, ಚಿಂಚೋಳಿಗಳ ಕಾಲೇಜುಗಳ ಹತ್ತು ಹತ್ತು ತರುಣ ತರುಣಿಯರು ಪರೀಕ್ಷೆ ಕೊಟ್ಟು ಹವ್ಯಾಸಿ ಲೈಸನ್ಸನ್ನು ಪಡೆದರೆ, ಸರಕಾರದ ತಂತಿ ಕಡಿದ ದಿನ ಜಿಲ್ಲೆಗೆ ಎರಡನೆಯ ನಾಲಗೆಯಿದ್ದಂತಾದೀತು.

ಆಡುವ ಭಾಷೆಯೂ ನಿಶ್ಚಿತವಾಗಬೇಕು. ಕನ್ನಡ, ಉರ್ದು, ತೆಲುಗು, ಮರಾಠಿಗಳು ಬೆರೆತ ಈ ಗಡಿಯಲ್ಲಿ ಗಾಬರಿಯ ಹೊತ್ತಿನಲ್ಲಿ ಒಬ್ಬನ ಮಾತು ಇನ್ನೊಬ್ಬನಿಗೆ ತಪ್ಪಾಗಿ ಕೇಳುವದು ಸಹಜ. ಯಾರು, ಎಲ್ಲಿಂದ, ಏನಾಗಿದೆ, ಏನು ಬೇಕು ಎಂಬ ನಾಲ್ಕೇ ಮಾತುಗಳ ಕನ್ನಡದ ಕ್ರಮವೊಂದನ್ನು ಗೊತ್ತುಪಡಿಸಿ, ಕೇಳಿದವನು ಅದನ್ನು ಮರುನುಡಿಯತಕ್ಕದ್ದೆಂದು ನಿಯಮ ಮಾಡಬೇಕು. ವಾರಕ್ಕೊಮ್ಮೆ, ಗೊತ್ತಾದ ಗಳಿಗೆಗೆ, ಐದೂ ಊರುಗಳು ಹೆಸರು ಹಿಡಿದು ಒಬ್ಬರನ್ನೊಬ್ಬರು ಕರೆದು ಓಗೊಡಬೇಕು. ಓಗೊಡದ ಊರಿನ ಯಂತ್ರವನ್ನು ಅಂದೇ ದುರಸ್ತಿ ಮಾಡಿಸಬೇಕು. ಕಪಾಟಿನಲ್ಲಿ ಬೀಗ ಹಾಕಿಟ್ಟ ರೇಡಿಯೋ ಆಪತ್ತಿನ ದಿನ ಮಾತಾಡಿದ್ದನ್ನು ನಾವಂತೂ ಕೇಳಿಲ್ಲ.

ಬಾಯಾರಿದಾಗ ಬಾವಿ ತೋಡಹೊರಡುವ ಪರಿಪಾಠವು ನಮ್ಮ ಅಧಿಕಾರವರ್ಗಕ್ಕೆ ಹೊಸದಲ್ಲ. ಈ ವಿಷಯದಲ್ಲಿಯಾದರೂ ಅದು ತಪ್ಪಲಿ. ಮುಂದಿನ ಮಳೆಗಾಲಕ್ಕೆ ಮುಂಚೆ ಜಿಲ್ಲಾಧಿಕಾರಿಗಳು ಐದು ಊರುಗಳ ಅಧಿಕಾರಿಗಳನ್ನೂ ಕಾರಖಾನೆಗಳವರನ್ನೂ ರೇಲ್ವೆಯವರನ್ನೂ ಒಂದು ದಿನ ಕೂಡಿಸಿ, ಸಮಾನ ಚಾನೆಲಿನ ಒಪ್ಪಂದಕ್ಕೆ ಸಹಿ ಹಾಕಿಸಲಿ. ಟೆಂಡರನ್ನು ಆಮೇಲೆ ಕರೆಯಬಹುದು. ಕಾಗಿಣೆಯಲ್ಲಿ ನೀರು ಏರುವಾಗ ಸೇಡಮ್ಮಿನಿಂದ ಆಡಿದ ಒಂದು ಮಾತು ಅದೇ ಕ್ಷಣದಲ್ಲಿ ಚಿತ್ತಾಪುರಕ್ಕೂ ವಾಡಿಗೂ ಶಹಾಬಾದಕ್ಕೂ ಕೇಳಿಸುವಂತಾದರೆ, ಈ ಭಾಗದ ಜನರು ಸರಕಾರಕ್ಕೆ ಋಣಿಗಳಾಗಿರುವರು.