ಮಕ್ಕಳ ಕೈಲಿ ಬರೆಸೋದು ಬೇಡ, ಬರೆಯೋದು ಕಲಿಸೋಣ

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತ ಹಿರಿಯರ ಮಾತು. ನಮ್ಮ ಚಳ್ಳಕೆರೆ ಸೀಮೆಗೆ ಬರಗಾಲ ಹೊಸದಲ್ಲ, ಬಾಯಿಗೂ ಬರವಿಲ್ಲ. ಆದರೆ ಈಗಿನ ಕಾಲಕ್ಕೆ ಬಾಯಿ ಒಂದೇ ಸಾಲದು. ಬಾಯಲ್ಲಿ ಹೇಳಿದ್ದು ಆಫೀಸಿನ ಮೆಟ್ಟಿಲು ಇಳಿಯೋದರೊಳಗೆ ಮರೆತು ಹೋಗುತ್ತದೆ. ಕಾಗದದ ಮೇಲೆ ಇರೋದಕ್ಕೆ ಮಾತ್ರ ಸೀಲು ಬೀಳುತ್ತದೆ, ನಂಬರು ಬೀಳುತ್ತದೆ. ಆ ಕಾಗದ ಬರೆಯೋಕೆ ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತದೆ? ತಾಲ್ಲೂಕು ಕಚೇರಿ ಮುಂದೆ ಮೇಜು ಹಾಕಿಕೊಂಡು ಕೂತವರಿಗೆ ದುಡ್ಡು ಕೊಟ್ಟು ಬರೆಸುತ್ತೇವೆ. ಅದರಲ್ಲಿ ಏನು ಬರೆದಿದೆ ಅಂತ ಓದಿಯೂ ನೋಡದೆ ಹೆಬ್ಬೆಟ್ಟೋ ಸಹಿಯೋ ಹಾಕಿ ಬರುತ್ತೇವೆ.

ನಾನು ಏಳನೇ ಕ್ಲಾಸಿನವರೆಗೆ ಓದಿದವನು. ಪರಶುರಾಂಪುರದ ಸೀಮೆಯಲ್ಲಿ ಮಳೆ ನಂಬಿ ಶೇಂಗಾ ಹಾಕುವವನು. ಮಕ್ಕಳಿಗೆ ಪಾಠ ಹೇಳುವುದು ಹೇಗೆ ಅಂತ ಮೇಷ್ಟ್ರಿಗೆ ಹೇಳಿಕೊಡುವಷ್ಟು ದೊಡ್ಡವನಲ್ಲ. ಆದರೂ ಒಂದು ಮಾತು ಹೇಳಬೇಕು ಅನ್ನಿಸಿದೆ. ನಮ್ಮ ಮಕ್ಕಳಿಗೆ ನಾಲ್ಕನೇ, ಐದನೇ ಕ್ಲಾಸಿನಿಂದಲೇ, ಅವರ ಮನಸ್ಸಿಗೆ ತಟ್ಟಿದ ಸಂಗತಿ ಹಿಡಿದು, ಓದಿದವರು ಒಪ್ಪುವ ಹಾಗೆ ಬರೆಯೋದನ್ನು ಕಲಿಸಬೇಕು.

ಈಗ ಕಲಿಸ್ತಿಲ್ಲವೇ ಅಂತ ಕೇಳಬಹುದು. ಕಲಿಸ್ತಾರೆ. ಜ್ವರ ಬಂದಿದೆ, ರಜೆ ಕೊಡಿ ಅಂತ ಪತ್ರ ಬರೆಸ್ತಾರೆ. ಗ್ರಂಥಾಲಯದ ಮಹತ್ವ, ಪರಿಸರ ಮಾಲಿನ್ಯ ಅಂತ ಪ್ರಬಂಧ ಬರೆಸ್ತಾರೆ. ಪ್ರಬಂಧ ಗೈಡಿನಲ್ಲಿ ಇರುತ್ತದೆ, ಹುಡುಗ ಬಾಯಿಪಾಠ ಮಾಡ್ತಾನೆ. ಅವನಿಗೆ ಜ್ವರ ಇಲ್ಲ, ಅವನೂರಿನಲ್ಲಿ ಗ್ರಂಥಾಲಯದ ಬಾಗಿಲು ತೆಗೆದದ್ದು ಅವನು ನೋಡಿಲ್ಲ. ಮನಸ್ಸಿನಲ್ಲಿ ಇಲ್ಲದ್ದನ್ನು ಬರೆದು ಬರೆದು, ಬರವಣಿಗೆ ಅಂದರೆ ಸುಳ್ಳು ಸುಳ್ಳಾಗಿ ಚೆಂದ ಮಾಡೋದು ಅಂತ ಮಗು ತಿಳಿದುಕೊಳ್ಳುತ್ತದೆ.

ನಮ್ಮ ಬಂಡೆಗಳೇ ಹೇಳುತ್ತವೆ

ಒಪ್ಪಿಸುವ ಬರವಣಿಗೆ ಹೊರಗಿನಿಂದ ಬಂದದ್ದೇನಲ್ಲ. ಪಕ್ಕದ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕ ರಾಜನ ಶಾಸನಗಳಿವೆ. 2,200 ವರ್ಷಕ್ಕೂ ಹಳೆಯವು. 1892ರಲ್ಲಿ ರೈಸ್ ಸಾಹೇಬರು ಇವನ್ನು ಬೆಳಕಿಗೆ ತಂದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ತಂದೆತಾಯಿ ಮಾತು ಕೇಳಿ, ಜೀವಗಳ ಮೇಲೆ ದಯೆ ಇರಲಿ, ನಿಜ ಹೇಳಿ, ಶಿಷ್ಯ ಗುರುವನ್ನು ಗೌರವಿಸಲಿ ಅಂತ ಅದರ ಸಾರಾಂಶ. ಇದು ದೊಡ್ಡವರಿಂದ ಮಾತ್ರ ಆಗುವ ಕೆಲಸವಲ್ಲ, ಸಣ್ಣವರಿಂದಲೂ ಆಗುತ್ತದೆ ಅಂತಲೂ ಇದೆ. ಅಷ್ಟು ದೊಡ್ಡ ರಾಜ, ದಂಡು ಕಳಿಸಿ ಹೆದರಿಸಬಹುದಿತ್ತು. ಕಾರಣ ಹೇಳಿ, ಓದಿದವರ ಮನಸ್ಸು ಒಲಿಸಿಕೊಳ್ಳೋಕೆ ಬಂಡೆ ಮೇಲೆ ಬರೆಸಿದ. ಬರೆದ ಲಿಪಿಕಾರನ ಹೆಸರು ಚಪಡ. ರಾಜನ ಮಾತಿನ ಜೊತೆ ಬರೆದವನ ಹೆಸರೂ ಉಳಿಯಿತು. ನಮ್ಮ ಮಕ್ಕಳನ್ನು ಪ್ರವಾಸ ಅಂತ ದೂರ ದೂರ ಕರಕೊಂಡು ಹೋಗ್ತಾರೆ. ಒಂದು ದಿನ ಈ ಬಂಡೆ ಮುಂದೆ ಕೂರಿಸಿ, ನೀವಾಗಿದ್ದರೆ ಏನು ಬರೆಸ್ತಿದ್ದಿರಿ ಅಂತ ಕೇಳಬಾರದೇ?

ಬರೆಯದವರ ಪಾಡು

ನಮ್ಮ ತಾಲ್ಲೂಕಿನ ಅಮೃತಮಹಲ್ ಕಾವಲಿನ ಕತೆ ಎಲ್ಲರಿಗೂ ಗೊತ್ತು. ಉಳ್ಳಾರ್ತಿ, ಕುದಾಪುರದ ಕಡೆ ಸುಮಾರು 10,000 ಎಕರೆ 2008ರಿಂದ 2010ರ ಸುಮಾರಿಗೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಅದು ಬೇಕಿತ್ತೋ ಬೇಡವಾಗಿತ್ತೋ ಎಂಬುದು ಬೇರೆ ಚರ್ಚೆ, ಇಲ್ಲಿ ಎಳೆಯುವುದಿಲ್ಲ. ಆ ಹುಲ್ಲಿನ ಮೇಲೆ ಕುರಿ ದನ ಮೇಯಿಸಿಕೊಂಡಿದ್ದ ಹಟ್ಟಿಗಳವರಿಗೆ ವಿಷಯ ತಿಳಿದದ್ದು ಎಲ್ಲಾ ಕಾಗದ ಓಡಾಡಿದ ಮೇಲೆ. ಹಸಿರು ನ್ಯಾಯಮಂಡಳಿಯಲ್ಲಿ ವಿಚಾರಣೆ ನಡೆದದ್ದು 2013-14ರಲ್ಲಿ. ಅಷ್ಟು ಹೊತ್ತಿಗೆ ಗೋಡೆ ಎದ್ದಾಗಿತ್ತು. ನಮ್ಮ ಹಿರಿಯರಿಗೆ ಯಾವ ಹುಲ್ಲು ಯಾವ ತಿಂಗಳು ಬರುತ್ತದೆ, ಎಷ್ಟು ಕುರಿಗೆ ಎಷ್ಟು ದಿನ ಸಾಕು, ಎಲ್ಲಾ ಗೊತ್ತಿತ್ತು. ಮೊದಲೇ ಅದೆಲ್ಲ ಒಂದು ಕಾಗದದಲ್ಲಿ ಲೆಕ್ಕವಾಗಿ ಇದ್ದಿದ್ದರೆ, ಬೀಳು ಜಮೀನು ಅನ್ನೋ ಮಾತಿಗೆ ಉತ್ತರ ಸಿದ್ಧ ಇರುತ್ತಿತ್ತು. ಗೊತ್ತಿದ್ದದ್ದು ತಲೆಯಲ್ಲೇ ಉಳಿಯಿತು.

ಬೆಳೆ ವಿಮೆಯನ್ನೇ ನೋಡಿ. ಆಲಿಕಲ್ಲು ಬಿದ್ದೋ ನೀರು ನಿಂತೋ ಒಬ್ಬನ ಹೊಲ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು ಅಂತ ಫಸಲ್ ಬಿಮಾ ನಿಯಮ. ಸರ್ವೆ ನಂಬರು, ಬಿತ್ತಿದ ದಿನ, ಹಾಳಾದ ದಿನ, ಹೇಗೆ ಹಾಳಾಯಿತು, ಎಷ್ಟು ಹೋಯಿತು. ಇಷ್ಟು ಬೇಕು. ನಮ್ಮವರು ಹೋಗಿ "ಎಲ್ಲಾ ಹೋತು ಸ್ವಾಮಿ, ಏನೂ ಉಳಿಲಿಲ್ಲ" ಅಂತ ಕಣ್ಣೀರು ಹಾಕ್ತಾರೆ. ಕಣ್ಣೀರು ನಿಜವೇ. ಅದನ್ನು ತುಂಬೋಕೆ ಫಾರಂನಲ್ಲಿ ಕಾಲಂ ಇಲ್ಲ.

ಮಕ್ಕಳ ಗ್ರಾಮಸಭೆ ಎಂಬ ಅವಕಾಶ

ಮಕ್ಕಳು ಊರಿನ ಕೆಲಸದ ಬಗ್ಗೆ ಮಾತಾಡೋದು ಕರ್ನಾಟಕಕ್ಕೆ ಹೊಸದಲ್ಲ. ದುಡಿಯುವ ಮಕ್ಕಳ ನಡುವೆ ಕೆಲಸ ಮಾಡುವ ಸಂಸ್ಥೆಯೊಂದರ ನೆರವಿನಿಂದ 1990ರ ದಶಕದ ನಡುವೆಯೇ ಕುಂದಾಪುರ ಸೀಮೆಯ ಕೆರಾಡಿ ಮುಂತಾದ ಕಡೆ ಮಕ್ಕಳ ಪಂಚಾಯ್ತಿ ನಡೆದವು. ಮುಂದೆ 2006ರಲ್ಲಿ ಎಲ್ಲಾ ಗ್ರಾಮ ಪಂಚಾಯ್ತಿಗಳಲ್ಲೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು ಅಂತ ಸರ್ಕಾರವೇ ಆದೇಶ ಮಾಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ನು, ಮಗು ಹೆದರಿಕೆಯಿಲ್ಲದೆ ತನ್ನ ಅಭಿಪ್ರಾಯ ಹೇಳುವಂತೆ ಪಾಠ ಇರಬೇಕು ಅನ್ನುತ್ತದೆ.

ಕಾನೂನು ಚೆನ್ನಾಗಿದೆ. ನಡೆಯೋದು ಹೇಗೆ? ನಾನು ಕೂತು ನೋಡಿದ ಒಂದು ಸಭೆಯಲ್ಲಿ ಮಕ್ಕಳು ಸಾಲಾಗಿ ಎದ್ದು ಚೀಟಿ ಓದಿದರು. ಕಾಂಪೌಂಡು ಬೇಕು, ಆಟದ ಸಾಮಾನು ಬೇಕು, ಶೌಚಾಲಯ ಬೇಕು. ಎಲ್ಲಾ ಚೀಟಿಯ ಅಕ್ಷರವೂ ಒಬ್ಬರದೇ. ಮೇಲೆ ಕೂತವರು ಪರಿಶೀಲಿಸುತ್ತೇವೆ ಅಂದರು, ಬಿಸ್ಕತ್ತು ಕೊಟ್ಟರು, ಫೋಟೋ ತೆಗೆದರು. ಅಷ್ಟರಲ್ಲಿ ಚೀಟಿ ಇಲ್ಲದ ಒಬ್ಬ ಹುಡುಗ ಎದ್ದ. ಬಸ್ಸು ನಮ್ಮ ಹಟ್ಟಿ ಗೇಟಿಗೆ ಬರೋದು ಹತ್ತೂಕಾಲಿಗೆ, ಪ್ರಾರ್ಥನೆ ಮುಗಿದಿರುತ್ತೆ, ನಾವು ಒಂಬತ್ತು ಜನ ದಿನಾ ಮೊದಲನೇ ಪೀರಿಯಡ್ ಹೊರಗೆ ನಿಲ್ಲುತ್ತೇವೆ, ಮೊದಲನೇ ಪೀರಿಯಡ್ ಲೆಕ್ಕ, ಅದಕ್ಕೇ ನಾವೆಲ್ಲಾ ಲೆಕ್ಕದಲ್ಲಿ ಫೇಲು, ಅಂದ. ಸಭೆ ಸುಮ್ಮನಾಯಿತು. ಅಧಿಕಾರಿ ಪೆನ್ನು ತೆಗೆದು ಬರೆದುಕೊಂಡದ್ದು ಅದೊಂದನ್ನೇ. ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನಿಗೆ ಅದು ದಿನಾ ಚುಚ್ಚುತ್ತಿತ್ತು, ಲೆಕ್ಕ ಅವನ ಹತ್ತಿರ ಇತ್ತು. ಅಷ್ಟೇ ಸಾಕಾಯಿತು.

ಕಲಿಸೋದು ಹೇಗೆ

ನನಗೆ ತಿಳಿದಷ್ಟು ಹೇಳುತ್ತೇನೆ. ಬೀಜ, ಹದ, ಸಾಲು, ಕಳೆ ಅಂತ ನಾವು ಬೇಸಾಯ ಮಾಡುವ ಕ್ರಮದಲ್ಲೇ ಇದೂ ಇದೆ.

ಮೊದಲನೆಯದು, ವಿಷಯ ಮಗುವಿನದೇ ಆಗಿರಲಿ. ಕುಡಿಯುವ ನೀರಿನ ಘಟಕ ಕೆಟ್ಟು ನಿಂತಿರಬಹುದು. ರಸ್ತೆ ಪಕ್ಕದ ಹುಣಸೆ ಮರ ಕಡಿಯುತ್ತಾರೆ ಅನ್ನೋ ದುಃಖ ಇರಬಹುದು. ಬೀದಿನಾಯಿಗೆ ಯಾರೋ ಕಲ್ಲು ಹೊಡೆದದ್ದೂ ಇರಬಹುದು. ನಮಗೆ ಸಣ್ಣದು ಕಂಡರೂ ಮಗುವಿಗೆ ಅದು ದೊಡ್ಡದು.

ಎರಡನೆಯದು, ಮೊದಲು ಬಾಯಲ್ಲಿ ಹೇಳಿಸಿ. ನಮ್ಮದು ಗಡಿ ಸೀಮೆ. ಆ ಕಡೆ ಕಲ್ಯಾಣದುರ್ಗ, ರಾಯದುರ್ಗ. ಅರ್ಧ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮಗು ಮನೆ ಮಾತಿನಲ್ಲಿ ಜಗಳಕ್ಕೆ ನಿಂತರೆ ಎಷ್ಟು ಚೆನ್ನಾಗಿ ಕಾರಣ ಕೊಡುತ್ತದೆ ನೋಡಿ. ಅದೇ ಕಾರಣಗಳನ್ನು ಆಮೇಲೆ ಕನ್ನಡದಲ್ಲಿ ಇಳಿಸಲಿ. ಮೊದಲೇ ಕಾಗುಣಿತ ತಿದ್ದಲು ಕೂತರೆ ಮಾತು ಒಣಗಿ ಹೋಗುತ್ತದೆ. ಮೊಳಕೆ ಬರೋ ಮುಂಚೆ ಕುಂಟೆ ಹೊಡೆದ ಹಾಗೆ.

ಮೂರನೆಯದು, ಎಣಿಸಲಿ, ಅಳೆಯಲಿ. "ಕುಡಿಯುವ ನೀರಿನ ಸೌಲಭ್ಯ ಒದಗಿಸಬೇಕಾಗಿ ಪ್ರಾರ್ಥನೆ" ಅಂತ ಬರೆದರೆ ಯಾರಿಗೂ ಏನೂ ಆಗುವುದಿಲ್ಲ. "ನಮ್ಮ ಶಾಲೆಯಲ್ಲಿ 64 ಮಕ್ಕಳಿದ್ದೇವೆ. ಘಟಕ ಕೆಟ್ಟು 23 ದಿನ ಆಯಿತು. ಈಗ ಕೊಳವೆ ಬಾವಿ ನೀರು ಕುಡಿಯುತ್ತಿದ್ದೇವೆ. ನಮ್ಮ ಕ್ಲಾಸಿನಲ್ಲಿ ಐದು ಜನಕ್ಕೆ ಹಲ್ಲಿನ ಮೇಲೆ ಕಂದು ಕಲೆ ಇದೆ" ಅಂತ ಒಂದು ಮಗು ಬರೆದರೆ? ನಮ್ಮ ಸೀಮೆಯ ಬೋರು ನೀರಲ್ಲಿ ಫ್ಲೋರೈಡ್ ಇರೋದು ಎಲ್ಲರಿಗೂ ತಿಳಿದದ್ದೇ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅನ್ನೋದು ಕುಡಿಯುವ ನೀರಿನ ಮಿತಿ. ಇದನ್ನು ಮೇಷ್ಟ್ರು ಹೇಳಿಕೊಟ್ಟರೆ ಒಂದೇ ಕಾಗದದಲ್ಲಿ ಲೆಕ್ಕ, ವಿಜ್ಞಾನ, ಕನ್ನಡ ಮೂರೂ ಪಾಠ ಆಯಿತು.

ನಾಲ್ಕನೆಯದು, ಯಾರಿಗೆ ಬರೆಯೋದು ಅಂತ ತಿಳಿದಿರಲಿ. ಬಸ್ಸಿನ ವಿಷಯ ಪಂಚಾಯ್ತಿಗೆ ಬರೆದು ಪ್ರಯೋಜನವಿಲ್ಲ, ಡಿಪೋಗೆ ಬರೆಯಬೇಕು. ಮರದ ವಿಷಯ ಅರಣ್ಯದವರಿಗೆ. ಓದುವವರು ಬದಲಾದರೆ ಕಾರಣವೂ ಬದಲಾಗಬೇಕು. ಹುಣಸೆ ಮರ ಉಳಿಸಿ ಅಂತ ಅಧಿಕಾರಿಗೆ ಬರೆದರೆ ನೆರಳಿನ ಮಾತು, ಪಕ್ಕದ ಹೊಲದವನಿಗೆ ಹೇಳಿದರೆ ಹಣ್ಣಿನ ಮಾತು.

ಐದನೆಯದು, ಎದುರಿನವನು ಏನನ್ನುತ್ತಾನೆ ಅಂತ ಮೊದಲೇ ಯೋಚಿಸಲಿ. ದುಡ್ಡಿಲ್ಲ ಅನ್ನುತ್ತಾರೆ. ಹಾಗಾದರೆ ರಿಪೇರಿ ಆಗೋವರೆಗೆ ಪಕ್ಕದೂರಿನ ಘಟಕದಿಂದ ದಿನಕ್ಕೆ ನಾಲ್ಕು ಕ್ಯಾನು ತರಿಸಿ ಅಂತ ಬರೆಯಲಿ. ಕೇಳುವುದು ಸಣ್ಣದಾಗಿ, ಸ್ಪಷ್ಟವಾಗಿ ಇದ್ದರೆ ಇಲ್ಲ ಅನ್ನೋದು ಕಷ್ಟ. ಮತ್ತೆ, ಬೈಯಬಾರದು. ಮಾತು ಬಲ್ಲವನಿಗೆ ಜಗಳವಿಲ್ಲ.

ಹತ್ತು ವರ್ಷದ ಮಗು ಬರೆದರೆ ಯಾರು ಓದುತ್ತಾರೆ ಅನ್ನಬೇಡಿ. 1982ರಲ್ಲಿ ಅಮೆರಿಕದ ಸಮಂತಾ ಸ್ಮಿತ್ ಎಂಬ ಹತ್ತು ವರ್ಷದ ಹುಡುಗಿ, ಯುದ್ಧ ಮಾಡುತ್ತೀರೋ ಇಲ್ಲವೋ ಅಂತ ರಷ್ಯಾದ ನಾಯಕ ಆಂಡ್ರೊಪೋವ್‌ಗೆ ಕಾಗದ ಬರೆದಳು. ಎರಡು ದೇಶಗಳೂ ಅಣುಬಾಂಬು ಇಟ್ಟುಕೊಂಡು ಗುರುಗುಟ್ಟುತ್ತಿದ್ದ ಕಾಲ. 1983ರಲ್ಲಿ ಆತ ಉತ್ತರ ಬರೆದ, ನಮ್ಮ ದೇಶ ಬಂದು ನೋಡು ಅಂತ ಕರೆದ, ಅವಳು ಹೋಗಿ ಬಂದಳು. ಅಲ್ಲಿಂದ ಉತ್ತರ ಬಂದಿರುವಾಗ ನಮ್ಮ ಪಂಚಾಯ್ತಿಯಿಂದ ಬರಬಾರದೇ?

ಎರಡು ಎಚ್ಚರಿಕೆ

ಒಂದು, ನಮ್ಮ ಜಗಳ ಮಕ್ಕಳ ಕೈಲಿ ಬರೆಸಬಾರದು. ಪಂಚಾಯ್ತಿ ಮೆಂಬರ ಮೇಲೆ ಸಿಟ್ಟು ನಮಗೆ, ಅಕ್ಷರ ಮಗುವಿನದು. ಇದು ಮಕ್ಕಳನ್ನು ಮುಂದೆ ಬಿಟ್ಟು ಹಿಂದೆ ಅಡಗಿಕೊಳ್ಳೋದು. ಪಾರ್ಟಿಯವರಿಗೂ ಮೇಷ್ಟ್ರಿಗೂ ನಮಗೂ ಇದು ಒಂದೇ ನಿಯಮ. ಮಗುವಿಗೆ ಹೇಗೆ ಬರೆಯೋದು ಅಂತ ಹೇಳಿ, ಏನು ಬರೆಯೋದು ಅಂತ ಹೇಳಬೇಡಿ.

ಎರಡು, ಇದು ಕಷ್ಟದ್ದು. ಬರೆಯೋಕೆ ಕಲಿತ ಮಗು ಮೊದಲ ಕಾಗದ ಬರೆಯೋದು ಡಿ.ಸಿ.ಗೆ ಅಲ್ಲ, ನಮಗೆ. ಶೇಂಗಾ ಕೀಳೋ ಕಾಲದಲ್ಲಿ ಹಳ್ಳಿ ಶಾಲೆಗಳ ಅರ್ಧ ಬೆಂಚು ಖಾಲಿ. ನನ್ನನ್ನು ಹದಿನೈದು ದಿನ ಶಾಲೆ ಬಿಡಿಸಬೇಡಿ, ಬೆಳಿಗ್ಗೆ ಎರಡು ಗಂಟೆ ಕೀಳ್ತೀನಿ ಅಂತ ಬರೆಯಬಹುದು. ಕುಡಿಯಬೇಡ ಅಪ್ಪ ಅಂತ ಬರೆಯಬಹುದು. ಅಕ್ಕನಿಗೆ ಇನ್ನೂ 18 ತುಂಬಿಲ್ಲ, ಮದುವೆ ಬೇಡ ಅಂತ ಬರೆಯಬಹುದು. ಮುಟ್ಟಾದಾಗ ನಮ್ಮನ್ನು ಹಟ್ಟಿ ಹೊರಗೆ ಚಳಿಯಲ್ಲಿ ಯಾಕೆ ಮಲಗಿಸ್ತೀರಿ ಅಂತ ಹೆಣ್ಣುಮಗಳು ಕೇಳಬಹುದು. ಅದಕ್ಕೆ ನಮ್ಮ ಹತ್ತಿರ ಉತ್ತರ ಇದೆಯೇ? ಬಹಳ ಜನ ತಂದೆಯರು ಇಂಥ ಕಾಗದ ಕಂಡರೆ ಎದುರು ಮಾತಾಡ್ತೀಯಾ ಅಂತ ಕೈ ಎತ್ತುತ್ತಾರೆ. ಹಾಗೆ ಒಂದು ಸಲ ಹೊಡೆದರೆ ಆ ಮಗು ಮುಂದೆ ಯಾವ ಆಫೀಸಿನ ಮುಂದೆಯೂ ತಲೆ ಎತ್ತಿ ನಿಲ್ಲುವುದಿಲ್ಲ. ಅಪ್ಪನ ಮುಂದೆ ಕಾರಣ ಹೇಳಲಾಗದವನು ತಹಶೀಲ್ದಾರ್ ಮುಂದೆ ಹೇಗೆ ಹೇಳಿಯಾನು? ಒಪ್ಪಲೇಬೇಕು ಅಂತಿಲ್ಲ. ಓದಬೇಕು. ಒಪ್ಪದಿದ್ದರೆ ಯಾಕೆ ಅಂತ ನಾವೂ ಕಾರಣ ಹೇಳಬೇಕು. ಇಲ್ಲದಿದ್ದರೆ ಸೋತೆವು ಅಂತ ಒಪ್ಪಿಕೊಳ್ಳಬೇಕು.

ಮಕ್ಕಳಿಗೆ ಇದೆಲ್ಲಾ ಕಲಿಸಿದರೆ ಪರೀಕ್ಷೆಯಲ್ಲಿ ಎಷ್ಟು ಮಾರ್ಕು ಬರುತ್ತದೆ ಅನ್ನುವವರೂ ಇದ್ದಾರೆ. ಗೈಡು ಬಾಯಿಪಾಠ ಮಾಡಿದವನಿಗಿಂತ ಕಡಿಮೆ ಏನೂ ಬರುವುದಿಲ್ಲ. ಮೇಷ್ಟ್ರಿಗೆ ಪುರುಸೊತ್ತಿಲ್ಲ ಅನ್ನುವುದು ಮಾತ್ರ ನಿಜ. ಒಬ್ಬರೇ ನಾಲ್ಕು ಕ್ಲಾಸು ನೋಡುವ ಶಾಲೆಗಳಿವೆ. ಅದಕ್ಕೇ ನಾವು ಸ್ವಲ್ಪ ಹೊರಬೇಕು. ಶಾಲೆಯ ಎಸ್.ಡಿ.ಎಂ.ಸಿ.ಯಲ್ಲಿ ಇರುವವರು ನಾವೇ ತಂದೆತಾಯಿಗಳು. ತಿಂಗಳಿಗೆ ಒಂದು ಶನಿವಾರ ಒಂದು ಗಂಟೆ ಇದಕ್ಕೆ ಬಿಡಿ ಅಂತ ಹೆಡ್‌ಮೇಷ್ಟ್ರನ್ನು ಕೇಳೋಣ. ಮಕ್ಕಳು ಬರೆದ ಕಾಗದವನ್ನು ಅವರೇ ಆರಿಸಿ ಕಳಿಸಲಿ. ಕೊಟ್ಟದ್ದಕ್ಕೆ ಸ್ವೀಕೃತಿ ತೆಗೆದುಕೊಂಡು ಶಾಲೆಯ ಗೋಡೆಗೆ ಅಂಟಿಸಲಿ. ಉತ್ತರ ಬಂದರೆ ಅದನ್ನೂ ಅಂಟಿಸಲಿ. ಒಂದು ತಿಂಗಳಾದರೂ ಉತ್ತರ ಇಲ್ಲದಿದ್ದರೆ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳುವುದು ದೊಡ್ಡವರ ಕೆಲಸ. ಬರೆದು ಬರೆದು ಉತ್ತರವೇ ಕಾಣದ ಮಗು, ಬರೆಯೋದರಿಂದ ಏನೂ ಆಗೋಲ್ಲ ಅನ್ನೋ ಪಾಠವನ್ನೇ ಕಲಿಯುತ್ತದೆ. ಆ ಪಾಠ ನಮಗೆ ಆಗಲೇ ಚೆನ್ನಾಗಿ ಬರುತ್ತದೆ, ಅವರಿಗೂ ದಾಟಿಸುವುದು ಬೇಡ.

ಇದಕ್ಕೆ ಖರ್ಚು ಅಂತ ಏನೂ ಇಲ್ಲ. ಒಂದು ಹಾಳೆ, ಒಂದು ಪೆನ್ನು, ಕೇಳೋಕೆ ಎರಡು ಕಿವಿ. ಮುಂದಿನ ಮಕ್ಕಳ ಗ್ರಾಮಸಭೆ ಬರುವ ಹೊತ್ತಿಗೆ ನಿಮ್ಮೂರ ಶಾಲೆಯಲ್ಲಿ ಒಂದಾದರೂ ಕಾಗದ ಮಗುವಿನ ಸ್ವಂತ ಮಾತಿನಲ್ಲಿ, ಸ್ವಂತ ಲೆಕ್ಕದಲ್ಲಿ ತಯಾರಾಗಲಿ. ನೀವು ಮಾಡಿ ನೋಡಿದ್ದರೆ, ಬೇರೆ ದಾರಿ ಕಂಡಿದ್ದರೆ, ಈ ಪುಟಕ್ಕೆ ಬರೆಯಿರಿ. ಬರೆಯೋಕೆ ಬರುವುದಿಲ್ಲ ಅಂದರೆ ನಿಮ್ಮ ಐದನೇ ಕ್ಲಾಸಿನ ಮಗಳಿಗೆ ಹೇಳಿ, ಅವಳು ಬರೆಯುತ್ತಾಳೆ.