ಗಾಜಿನ ಬೋಗುಣಿ ಮೀನಿನ ಮನೆಯೇ?

ಕಳೆದ ವರ್ಷ ಜಾತ್ರೆಯಿಂದ ನನ್ನ ಅಣ್ಣನ ಮಗಳು ಒಂದು ಚಿನ್ನದ ಮೀನನ್ನು ತಂದಳು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಒಂದು ಲೋಟದಷ್ಟು ನೀರು, ಅದರೊಳಗೆ ಕಿತ್ತಳೆ ಬಣ್ಣದ, ಬೆರಳುದ್ದದ ಮೀನು. ಅದರೊಂದಿಗೆ ಗುಂಡಗಿನ ಗಾಜಿನ ಬೋಗುಣಿ, ಒಂದು ಹಿಡಿ ಬಣ್ಣದ ಕಲ್ಲು, ಆಹಾರದ ಸಣ್ಣ ಡಬ್ಬಿ. ಒಂಬತ್ತನೆಯ ದಿನ ಬೆಳಗ್ಗೆ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. "ಅತ್ತೆ, ದಿನಕ್ಕೆ ಆರು ಸಲ ತಿನ್ನಲು ಹಾಕಿದ್ದೇನೆ. ಒಂದು ದಿನವೂ ಮರೆತಿಲ್ಲ" ಎಂದು ಅವಳು ಬಿಕ್ಕಿದಳು.

ಅವಳು ಹೇಳಿದ್ದು ನಿಜ. ಮೀನು ಸತ್ತದ್ದಕ್ಕೆ ಅದೂ ಒಂದು ಕಾರಣ. ಆದರೂ ತಪ್ಪನ್ನು ಹತ್ತು ವರ್ಷದ ಹುಡುಗಿಯ ತಲೆಗೆ ಕಟ್ಟಲು ನಾನು ಸಿದ್ಧಳಿಲ್ಲ. ಮೂರು ಲೀಟರ್ ನೀರು ಹಿಡಿಯುವ ಪಾತ್ರೆಯನ್ನು ಮೀನಿನ ಮನೆ ಎಂದು ಮಾರುವವರೂ, ಅದನ್ನು ನಂಬಿ ಕೊಡಿಸುವ ಹಿರಿಯರೂ ಇಲ್ಲಿ ಮೊದಲ ತಪ್ಪುಗಾರರು. ಕೊಡಿಸಿದವರಲ್ಲಿ ನಾನೂ ಒಬ್ಬಳು.

ಚಿನ್ನದ ಮೀನು ಕಾರ್ಪ್ ಮೀನಿನ ಬಳಗಕ್ಕೆ ಸೇರಿದ್ದು. ಚೀನಾದಲ್ಲಿ ಸಾವಿರ ವರ್ಷಗಳಿಗೂ ಹಿಂದೆ ಬೂದು ಬಣ್ಣದ ಕಾಡುಮೀನುಗಳ ನಡುವೆ ಅಪರೂಪಕ್ಕೆ ಹುಟ್ಟುತ್ತಿದ್ದ ಹಳದಿ, ಕೆಂಪು ಮರಿಗಳನ್ನು ಆರಿಸಿ ಸಾಕುತ್ತಾ ಬಂದದ್ದರಿಂದ ಈ ತಳಿ ಉಂಟಾಯಿತು. ಅಲ್ಲಿ ಅವನ್ನು ಮೊದಲು ಕೊಳಗಳಲ್ಲಿ ಬಿಡುತ್ತಿದ್ದರು, ಅನಂತರ ಅಗಲ ಬಾಯಿಯ ದೊಡ್ಡ ಮಣ್ಣಿನ ಬಾನಿಗಳಲ್ಲಿ ಸಾಕಿ ಮೇಲಿನಿಂದ ಬಗ್ಗಿ ನೋಡುತ್ತಿದ್ದರು. ಗಾಜಿನ ಬೋಗುಣಿ ಬಹಳ ತಡವಾಗಿ ಬಂದದ್ದು. ಅದು ನೋಡುವವರ ಅನುಕೂಲಕ್ಕೆ ಹೊರತು ಮೀನಿನ ಅನುಕೂಲಕ್ಕಲ್ಲ.

"ಪಾತ್ರೆ ಚಿಕ್ಕದಾದರೆ ಮೀನೂ ಚಿಕ್ಕದಾಗಿಯೇ ಇರುತ್ತದೆ" ಎಂದು ಅಂಗಡಿಗಳಲ್ಲಿ ಹೇಳುತ್ತಾರೆ. ಅದು ಹೊಂದಿಕೊಳ್ಳುವುದಲ್ಲ, ಬೆಳವಣಿಗೆ ಕುಂಠಿತವಾಗುವುದು. ಸರಿಯಾಗಿ ಸಾಕಿದ ಸಾಮಾನ್ಯ ಚಿನ್ನದ ಮೀನು 20 ಸೆಂಟಿಮೀಟರಿಗಿಂತಲೂ ಉದ್ದ ಬೆಳೆಯುತ್ತದೆ, ಹತ್ತು ಹದಿನೈದು ವರ್ಷ ಬದುಕುತ್ತದೆ. ಇಂಗ್ಲೆಂಡಿನಲ್ಲಿ 1956ರಲ್ಲಿ ಒಂದು ಜಾತ್ರೆಯಲ್ಲಿಯೇ ಬಹುಮಾನವಾಗಿ ಸಿಕ್ಕ 'ಟಿಶ್' ಎಂಬ ಮೀನು ಸತ್ತದ್ದು 1999ರಲ್ಲಿ, 43 ವರ್ಷ ಬದುಕಿ. ನಮ್ಮ ಮನೆಯದು ಒಂಬತ್ತು ದಿನ!

ಹಾಗಾದರೆ ಬೋಗುಣಿಯಲ್ಲಿ ನಡೆಯುವುದೇನು? ಮೀನು ತನ್ನ ದೇಹದ ಕಶ್ಮಲವನ್ನು ಹೆಚ್ಚಾಗಿ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ನೀರಿಗೆ ಬಿಡುತ್ತದೆ. ಹೊಳೆಯಲ್ಲಾದರೆ ಅದು ಹರಿದುಹೋಗುತ್ತದೆ. ಬೋಗುಣಿಯಲ್ಲಿ ಎಲ್ಲಿಗೆ ಹೋಗಬೇಕು? ತಿನ್ನದೆ ಉಳಿದ ಆಹಾರವೂ ಕೊಳೆತು ಅಮೋನಿಯಾವೇ ಆಗುತ್ತದೆ. ನೀರು ಕಣ್ಣಿಗೆ ತಿಳಿಯಾಗಿಯೇ ಕಾಣಬಹುದು, ಮೀನಿನ ಕಿವಿರು ಮಾತ್ರ ಸುಡುತ್ತಿರುತ್ತದೆ. ಈ ವಿಷವನ್ನು ಮೊದಲು ನೈಟ್ರೈಟಾಗಿ, ಬಳಿಕ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾಗಳಿವೆ. ಅವು ಕಲ್ಲು, ಮರಳು, ಫಿಲ್ಟರಿನ ಸ್ಪಂಜುಗಳ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಾವು ನೀರು ತುಂಬಿದ ಗಳಿಗೆಯಲ್ಲೇ ಮೀನನ್ನು ಬಿಡುತ್ತೇವೆ. ಇನ್ನು ಬೋಗುಣಿಯನ್ನು ಕುತ್ತಿಗೆಯವರೆಗೆ ತುಂಬಿದರೆ ಗಾಳಿ ತಾಗುವ ನೀರಿನ ಮೇಲ್ಮೈ ಅಂಗೈಯಷ್ಟು ಕಿರಿದಾಗುತ್ತದೆ, ಉಸಿರಿಗೂ ಕೊರತೆ. ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ ಕರಗುತ್ತದೆ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯದು ಸುಮಾರು ಏಳೂವರೆ. ನಮ್ಮ ಕಾಸರಗೋಡಿನ ಎಪ್ರಿಲ್ ಮೇ ತಿಂಗಳ ಸೆಕೆಯನ್ನು ನೆನೆಸಿಕೊಳ್ಳಿ.

ಇಟಲಿಯ ಮೊಂಜಾ ನಗರ 2004ರಲ್ಲಿಯೂ ರೋಮ್ ನಗರ 2005ರಲ್ಲಿಯೂ ಚಿನ್ನದ ಮೀನನ್ನು ಇಂತಹ ಬೋಗುಣಿಯಲ್ಲಿ ಇಡುವುದನ್ನು ನಿಷೇಧಿಸಿದವು. ಇದನ್ನು ಕೇಳಿ ನಕ್ಕವರೂ ಇದ್ದಾರೆ. ಮೀನಿಗೆ ಮೂರು ಸೆಕೆಂಡಿನ ನೆನಪು, ಅದಕ್ಕೇನು ತಿಳಿಯುತ್ತದೆ ಎನ್ನುವುದು ಅವರ ವಾದ. ಅದು ಬರೀ ಕಟ್ಟುಕತೆ. ಸನ್ನೆಯನ್ನು ಒತ್ತಿದರೆ ಆಹಾರ ಸಿಗುತ್ತದೆ ಎಂದು ಚಿನ್ನದ ಮೀನಿಗೆ ಕಲಿಸಬಹುದೆಂದೂ ಕಲಿತದ್ದನ್ನು ಅದು ತಿಂಗಳುಗಟ್ಟಲೆ ನೆನಪಿಡುತ್ತದೆಂದೂ ಪ್ರಯೋಗಗಳು ತೋರಿಸಿವೆ. ನಮ್ಮ ಹುಡುಗಿಯ ಮೀನು ಅವಳು ಡಬ್ಬಿ ಮುಟ್ಟಿದೊಡನೆ ಮೇಲೆ ಬರುತ್ತಿತ್ತಲ್ಲ!

ಮೇಲೆ ಬಂತು ಎಂದ ಮಾತ್ರಕ್ಕೆ ಹಸಿದಿದೆ ಎಂದು ಅರ್ಥವಲ್ಲ. ಚಿನ್ನದ ಮೀನಿಗೆ ನಮ್ಮ ಹಾಗೆ ಜಠರವಿಲ್ಲ, ತಿಂದದ್ದು ನೇರವಾಗಿ ಉದ್ದನೆಯ ಕರುಳಿಗೆ ಹೋಗುತ್ತದೆ. ದಿನವಿಡೀ ಕೆದಕುತ್ತಾ, ಚೂರುಚೂರು ಹೆಕ್ಕುತ್ತಾ ಇರುವುದು ಅದರ ಸ್ವಭಾವ. ದಿನಕ್ಕೆ ಒಂದೆರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಕೊಟ್ಟರೆ ಸಾಕು. ಒಣಗಿದ ಗುಳಿಗೆಗಳನ್ನು ಸ್ವಲ್ಪ ಹೊತ್ತು ನೆನೆಸಿ ಹಾಕುವುದು ಮೇಲು. ಬೇಯಿಸಿ ಸಿಪ್ಪೆ ತೆಗೆದ ಹಸಿ ಬಟಾಣಿಯನ್ನು ಹಿಚುಕಿ ವಾರಕ್ಕೊಮ್ಮೆ ಕೊಡಬಹುದು. ಚರುಮುರಿ, ಬಿಸ್ಕತ್ತಿನ ಪುಡಿ, ಅನ್ನದ ಅಗುಳು ಬೇಡ. ಮನೆಗೆ ಬಂದ ನೆಂಟರೆಲ್ಲ ಒಂದೊಂದು ಚಿಟಿಕೆ ಹಾಕುವ ಪದ್ಧತಿಯಂತೂ ಬೇಡವೇ ಬೇಡ.

ನೀರಿನ ವಿಷಯದಲ್ಲಿ ನಮ್ಮ ಭಾಗದ ಬಾವಿ, ಸುರಂಗಗಳ ನೀರಿಗೆ ಒಂದು ಅನುಕೂಲವಿದೆ, ಅದರಲ್ಲಿ ಕ್ಲೋರಿನ್ ಇರುವುದಿಲ್ಲ. (ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನಗಳನ್ನು ಬಿಟ್ಟು.) ನಳ್ಳಿಯ ನೀರಾದರೆ ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಬೇಕು. ಆದರೆ ಮುರಕಲ್ಲಿನ ನೆಲದ ನೀರು ಸಾಮಾನ್ಯವಾಗಿ ತುಸು ಆಮ್ಲೀಯ, ಖನಿಜಾಂಶವೂ ಕಡಿಮೆ. ಚಿನ್ನದ ಮೀನಿಗೆ ಕೊಂಚ ಗಡುಸು ನೀರು ಹಿತ. ಕಡಲ ತೀರದ ನಾಲ್ಕಾರು ಚಿಪ್ಪುಗಳನ್ನು ಕುದಿಸಿ ತೊಳೆದು ನೀರಿಗೆ ಹಾಕಿದರೆ ನಿಧಾನವಾಗಿ ಸರಿಹೋಗುತ್ತದೆ. ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು ನೀರನ್ನು ಬದಲಿಸಬೇಕು. ಪೂರ್ತಿ ಚೆಲ್ಲಿ ತಿಕ್ಕಿ ತೊಳೆದರೆ ಬ್ಯಾಕ್ಟೀರಿಯಾಗಳೂ ಹೋಗುತ್ತವೆ.

ಒಂದು ಮೀನಿಗೆ 60, 70 ಲೀಟರ್ ನೀರಾದರೂ ಬೇಕೆಂದರೆ ಎಲ್ಲರಿಗೂ ಕೈಗೂಡುವ ಮಾತೇ ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆ. ಗಾಜಿನ ತೊಟ್ಟಿಗೂ ಫಿಲ್ಟರಿಗೂ ಹಣ ಬೇಕು. ಆದರೆ ಹಿತ್ತಿಲಲ್ಲಿ ಬೋರಲು ಬಿದ್ದಿರುವ ಕಲ್ಲುಮರಿಗೆಗೆ ಹಣ ಬೇಕೇ? ದನಗಳಿಲ್ಲದ ಎಷ್ಟೋ ಮನೆಗಳಲ್ಲಿ ಅವು ಹಾಗೆಯೇ ಬಿದ್ದಿವೆ. ದೊಡ್ಡದೊಂದನ್ನು ನೆರಳಿನಲ್ಲಿಟ್ಟು, ಕಾಗೆ ಮಿಂಚುಳ್ಳಿಗಳು ಎರಗದಂತೆ ಬಲೆ ಕಟ್ಟಿ, ಅಗ್ಗದ ಗಾಳಿಯ ಪಂಪೊಂದನ್ನು ಜೋಡಿಸಿದರೆ ಚೀನಾದವರ ಬಾನಿಗೆ ಅದು ಕಡಿಮೆಯೇನಲ್ಲ. ಅಷ್ಟೂ ಸಾಧ್ಯವಿಲ್ಲದವರು ಮೀನನ್ನು ಕೊಳ್ಳದಿರಲಿ. ಈ ಮಾತು ಕಠಿಣವೆನಿಸಿದರೂ ನಾನು ಹಿಂತೆಗೆದುಕೊಳ್ಳಲಾರೆ.

ಸಾಕಿ ಬೇಸರವಾದವರು ಮೀನನ್ನು ಮದಕಕ್ಕೋ ತೋಡಿಗೋ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ತಿಳಿಯುವುದುಂಟು. 2018ರ ನೆರೆಯ ಬಳಿಕ ನಮ್ಮ ರಾಜ್ಯದ ಚಾಲಕ್ಕುಡಿ ಹೊಳೆಯಲ್ಲಿ ದಕ್ಷಿಣ ಅಮೇರಿಕದ ಅರಪೈಮಾ ಮೀನು ಸಿಕ್ಕಿತ್ತು. ಸಾಕಿದವರ ಕೈತಪ್ಪಿ ಹೊಳೆಗಿಳಿದದ್ದು. ಆಸ್ಟ್ರೇಲಿಯದ ವಾಸ್ ನದಿಯಲ್ಲಿ ಬಿಟ್ಟ ಚಿನ್ನದ ಮೀನುಗಳು ಎರಡು ಕಿಲೋ ಹತ್ತಿರ ತೂಗುವಷ್ಟು ಬೆಳೆದಿವೆ. ಅವು ತಳವನ್ನು ಕೆದಕಿ ನೀರನ್ನು ರಾಡಿ ಮಾಡುತ್ತವೆ, ಇತರ ಮೀನುಗಳ ಮೊಟ್ಟೆ ತಿನ್ನುತ್ತವೆ. ಸಾಕಲಾಗದಿದ್ದರೆ ಸಾಕುವ ಇನ್ನೊಬ್ಬರಿಗೆ ಕೊಡಬೇಕು, ತೋಡಿಗಲ್ಲ.

ನಮ್ಮ ಮನೆಯ ಕಲ್ಲುಮರಿಗೆಗೆ ನೀರು ತುಂಬಿ ಮೂರು ವಾರವಾಯಿತು. ಬ್ಯಾಕ್ಟೀರಿಯಾ ಬೆಳೆಯಲೆಂದು ಹುಡುಗಿ ದಿನವೂ ಒಂದು ಚಿಟಿಕೆ ಮೀನಿನ ಆಹಾರವನ್ನು ಅದಕ್ಕೆ ಹಾಕುತ್ತಾಳೆ, ಸೊಳ್ಳೆ ಮೊಟ್ಟೆಯಿಡದಂತೆ ಪರದೆ ಮುಚ್ಚುತ್ತಾಳೆ. ಮೀನೇ ಇಲ್ಲದ ನೀರಿಗೆ ಊಟ ಬಡಿಸುವುದನ್ನು ಈ ಪ್ರಾಯದಲ್ಲಿ ನೋಡಬೇಕಾಯಿತಲ್ಲ ಎಂದು ಅಜ್ಜಿ ನಗುತ್ತಾರೆ. "ಇನ್ನು ಮೂರು ವಾರ ಅಜ್ಜಿ" ಎಂದು ಹುಡುಗಿ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾಳೆ.